ಕ್ಯಾಬಿನೆಟ್ (ಸ್ಪೀಕರ್ ಡಬ್ಬಿ) ಇಲ್ದ ವಾಲ್ವ್ ಆಂಪ್ ಚಾಲೂ ಮಾಡ್ಬಹುದೇನ್ರಿ? ಬರೇ ಪ್ರೀಆಂಪ್ ಸೌಂಡ್ ಸಾಕು

ಪ್ರಶ್ನೆ: ಕಾಕಾ ನಮಸ್ಕಾರ್ರಿ, ಕಲಬುರಗಿಯಿಂದ ಬರೀಲತ್ತೀನಿ. ನನ್ ಹತ್ರ 50 ವಾಟಿನ ವಾಲ್ವ್ ಗಿಟಾರ್ ಆಂಪ್ ಹೆಡ್ ಅದ, ಸೆಕೆಂಡ್ ಹ್ಯಾಂಡ್, ಎರಡು ಇಎಲ್34 (ಪವರ್ ವಾಲ್ವ್), ಮೂರು 12ಎಎಕ್ಸ್7 (ಸಣ್ಣ ವಾಲ್ವ್). ಕ್ಯಾಬಿನೆಟ್ ಹೈದ್ರಾಬಾದಿನಾಗ ಗೆಳ್ಯಾನ ರೂಮಿನಾಗೇ ಉಳದದ, ಬಸ್ಸಿನಾಗ ತರೋ ಸಾಮಾನಲ್ಲ ಅದು. ಹಿಂದ ಎಫೆಕ್ಟ್ಸ್ ಲೂಪ್ ಅದ (ಪ್ರೀಆಂಪ್ ಸಿಗ್ನಲ್ ಹೊರಗ ಬರೋ ಸೆಂಡ್ ಜ್ಯಾಕ್, ಪವರ್ ಸೆಕ್ಷನ್ನಿಗೆ ವಾಪಸ್ ಹೋಗೋ ರಿಟರ್ನ್ ಜ್ಯಾಕ್), ಸೆಂಡ್‌ನಿಂದ ವೈರ್ ತಗದು ಆಡಿಯೋ ಇಂಟರ್‌ಫೇಸಿಗೆ ಕೊಟ್ಟು ಹೆಡ್‌ಫೋನಿನಾಗ ರೆಕಾರ್ಡ್ ಮಾಡ್ಬೇಕಂತ ಮಾಡೀನಿ, ಕೆಳಗ ಮನಿ ಮಾಲಕ್ರು ಇರ್ತಾರ, ಸಪ್ಪಳ ಮಾಡಂಗಿಲ್ಲ. ಮಾಸ್ಟರ್ ವಾಲ್ಯೂಮ್ ಝೀರೋ ಇಟ್ರ ಸ್ಪೀಕರ್ ಇಲ್ದೇನೂ ನಡೀತದಲ್ರಿ?

ಉತ್ತರ: ತಮ್ಮಾ, ಹಂಗ ಮಾಡಬ್ಯಾಡ. ಝೀರೋ ಇದ್ದಾಗ ಪವರ್ ವಾಲ್ವಿಗೆ ಸಿಗ್ನಲ್ ಹೋಗಂಗಿಲ್ಲ ಖರೆ, ಆದ್ರ ಕೈ ತಾಕಿ ನಾಬ್ ತಿರುಗ್ತು ಅಂದ್ರ ಮುಗೀತು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಆ ಕಡೆ ಲೋಡ್ ಬೇಕೇ ಬೇಕು, ಲೋಡ್ ಇಲ್ದಾಗ ವಾಲ್ವ್ ತಳ್ಳಿದ ಕರೆಂಟಿಗೆ ಹೋಗ್ಲಿಕ್ಕ ಜಾಗ ಇರಂಗಿಲ್ಲ, ಪ್ರೈಮರಿ (ವಾಲ್ವ್ ಕಡಿ ಸುತ್ತು) ಮ್ಯಾಲ ವೋಲ್ಟೇಜ್ ಸಾವಿರ ದಾಟಿ ಜಿಗೀತದ. ಒಂದು ಹೆಡ್ ಹಿಂಗೇ ಸುಟ್ಕೊಂಡು ನನ್ನ ಟೇಬಲ್ಲಿಗೆ ಬಂದಿತ್ತು, ಇಎಲ್34ದ ಸಾಕೆಟ್ಟಿನಾಗ 3ನೇ ಪಿನ್ನಿನಿಂದ 2ನೇ ಪಿನ್ನಿನ ತನಕ ಪೆನ್ಸಿಲ್ಲೆ ಎಳದಂಗ ಕರ್ರನ ಗೆರಿ, 3 ಆನೋಡ್ (ಹೈ ವೋಲ್ಟೇಜಿಂದು), 2 ಹೀಟರ್ (ವಾಲ್ವ್ ಕಾಯಿಸೋದು). ಕೆರದು ತಗದ್ರೂ ಅಲ್ಲೇ ಮತ್ತ ಕಿಡಿ ಹಾರ್ತದ, ಸಾಕೆಟ್ಟೇ ಬದಲಾಯಿಸ್ಬೇಕು. ಟ್ರಾನ್ಸಿಸ್ಟರ್ ಆಂಪಿಗೆ ಈ ಕಾಟ ಇಲ್ಲ, ಅದಕ್ಕ ಶಾರ್ಟ್ ಆದ್ರ ಸಾವು, ಇದಕ್ಕ ಖಾಲಿ ಬಿಟ್ರ ಸಾವು.

ಇನ್ನೊಂದು, ಕೆಲವು ಆಂಪಿನಾಗ ಮಾಸ್ಟರ್ ಸೆಂಡಿಗಿಂತ ಮುಂಚೇನೇ ಇರ್ತದ, ಝೀರೋ ಮಾಡಿದ್ರ ಸೆಂಡ್‌ನಾಗೂ ಏನೂ ಬರಂಗಿಲ್ಲ.

ನಡುವೆ ಒಬ್ರು: ಸ್ಟ್ಯಾಂಡ್‌ಬೈ ಹಾಕಿ ಆಡ್ಸಿದ್ರ ಆಗ್ತದಲ್ಲಣ್ಣಾ?

ಉತ್ತರ: ಭಾಳಷ್ಟು ಆಂಪಿನಾಗ ಸ್ಟ್ಯಾಂಡ್‌ಬೈ ಹೈ ವೋಲ್ಟೇಜೇ ಬಂದ್ ಮಾಡ್ತದ, ಪ್ರೀಆಂಪಿಗೂ ಸಪ್ಲೈ ಇರಂಗಿಲ್ಲ. ಹೀಟರ್ ಕೆಂಪಗ ಉರೀತಿರ್ತದ, ಅಷ್ಟೇ.

ಪ್ರಶ್ನೆ: ಹಂಗಾದ್ರ ಇಎಲ್34 ಎರಡೂ ಕಿತ್ತಿಟ್ರ?

ಉತ್ತರ: ತಲಿ ಓಡ್ಸೀ ನೋಡು, ಟ್ರಾನ್ಸ್‌ಫಾರ್ಮರಿಗೆ ಆಗ ಏನೂ ಆಗಂಗಿಲ್ಲ. ಆದ್ರ ಕರೆಂಟ್ ಎಳಿಯೋವು ಹೋದ್ವಂದ್ರ ಒಳಗಿನ ಹೈ ವೋಲ್ಟೇಜ್ ಏರ್ತದ, ಫಿಲ್ಟರ್ ಕೆಪ್ಯಾಸಿಟರ್ ತಡೀತಾವೋ ಇಲ್ಲೋ ಒಳಗ ನೋಡ್ಲಾರ್ದ ನಾ ಹೂಂ ಅನ್ನಂಗಿಲ್ಲ. ನೀ ಬಿಚ್ಚಲಿಕ್ಕ ಹೋಗಬ್ಯಾಡ, ಬಂದ್ ಮಾಡಿದ ಮ್ಯಾಲೂ ಆ ಕೆಪ್ಯಾಸಿಟರಿನಾಗ ನಾಲ್ಕುನೂರು ವೋಲ್ಟ್ ಕುಂತಿರಬಹುದು.

ಸ್ಪೀಕರ್ ಬದ್ಲಿ ಲೋಡ್ ಅಂತ 8 ಓಮಿನ 100 ವಾಟಿನ ಅಲ್ಯೂಮಿನಿಯಂ ಬಾಡಿ ವೈರ್‌ವೌಂಡ್ ರೆಸಿಸ್ಟರ್ ತಗೋ, ದಪ್ಪ ಹೀಟ್‌ಸಿಂಕಿಗೆ ಬೋಲ್ಟ್ ಮಾಡು, 8 ಓಮ್ ಸ್ಪೀಕರ್ ಜ್ಯಾಕಿಗೆ ಹಚ್ಚು. ಗಿಟಾರ್ ವೈರ್ ಬ್ಯಾಡ, ದಪ್ಪ ಸ್ಪೀಕರ್ ವೈರ್ ಹಾಕು. ಹೀಟ್‌ಸಿಂಕ್ ಇಲ್ಲಂದ್ರ ಅದು 100 ವಾಟಿಂದು ಅಲ್ಲವೇ ಅಲ್ಲ, ನಮ್ಮೂರ ಮೇ ತಿಂಗಳ ಬಿಸಿಲಿನಾಗಂತೂ ಕೇಳಬ್ಯಾಡ. ಸೆಂಡ್‌ನ ವೈರ್ ಇಂಟರ್‌ಫೇಸಿನ ಲೈನ್ ಇನ್‌ಗೆ ಕೊಡು, ಮೈಕ್ ಇನ್‌ಗೆ ಕೊಟ್ರ ಸೌಂಡ್ ಒಡೀತದ. ಮತ್ತ ಸೌಂಡ್ ಕೇಳಿ ಗಾಬರಿ ಆಗಬ್ಯಾಡ, ಜೇನುಹುಳ ಗುಂಯ್ ಅಂದಂಗ ಇರ್ತದ, ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಝ್ ಮ್ಯಾಲಿಂದು ಹೆಚ್ಚುಕಡಿಮಿ ನುಂಗಿಬಿಡ್ತದ, ಇಲ್ಲಿ ನುಂಗೋರಿಲ್ಲ. ಕಂಪ್ಯೂಟರಿನಾಗ ಕ್ಯಾಬ್ ಸಿಮ್ಯುಲೇಟರ್ (ಕ್ಯಾಬಿನೆಟ್ಟಿನ ಸೌಂಡ್ ನಕಲು ಮಾಡೋದು) ಹಾಕ್ಕೋ.

ಪ್ರಶ್ನೆ (ನಾಲ್ಕು ದಿನ ಬಿಟ್ಟು): ಕಾಕಾ, ಎಲ್ಲಾ ಹಚ್ಚೀನಿ, ಸೌಂಡ್ ಮಸ್ತ್ ಬರ್ಲತ್ತದ. ಆದ್ರ ಹೆಡ್‌ಫೋನ್ ತಗದ್ರ ಆಂಪಿನ ಒಳಗಿಂದ್ಲೇ ಸಣ್ಣಗ ಗಿಟಾರ್ ಕೇಳ್ತದ್ರಿ, ಸ್ಪೀಕರೇ ಇಲ್ಲ, ಇದೆಂಗ?

ಉತ್ತರ: ಟ್ರಾನ್ಸ್‌ಫಾರ್ಮರಿನ ಪಟ್ಟಿಗೋಳು ಅದುರಿ ಹಾಡ್ಲತ್ತಾವ. ಅಂದ್ರ ರಿಟರ್ನ್ ಖಾಲಿ ಬಿಟ್ಟೀ, ಸಿಗ್ನಲ್ ಪವರ್ ಸೆಕ್ಷನ್ನಿಗೂ ಹೊಂಟದ. ನಿಂದು ಸೀರೀಸ್ ಲೂಪ್ (ಸಿಗ್ನಲ್ ಪೂರಾ ಲೂಪಿನಾಗ ಹಾದೇ ಹೋಗೋದು) ಇದ್ರ ಒಂದು ಖಾಲಿ ಜ್ಯಾಕ್ ಪಿನ್ನಿನ ಎರಡೂ ಕಾಲು ಕೂಡಿಸಿ ಬೆಸಗಿ ಹಾಕಿ ರಿಟರ್ನ್‌ನಾಗ ಚುಚ್ಚು, ಹಾಡು ನಿಂದರ್ತದ, ರೆಸಿಸ್ಟರೂ ತಣ್ಣಗಿರ್ತದ. ತಣ್ಣಗದ ಅಂತ ಅದನ್ನ ಕೀಳಬ್ಯಾಡ ಮತ್ತ.