ಅಪ್‌ಡೇಟ್: ಪಿಕಪ್ ಕ್ಯಾಬಿನ್‌ಗೆ ನೀರು ಸೋರುವುದು ನಿಂತಿದೆ

ಮಳೆ ಬಂದಾಗಲೆಲ್ಲ ನನ್ನ ಪಿಕಪ್‌ನಲ್ಲಿ ಚಾಲಕನ ಪಕ್ಕದ ಸೀಟಿನ ಕಾಲಡಿಯ ಕಾರ್ಪೆಟ್ ತೊಯ್ದುಹೋಗುತ್ತಿದೆ, ಟೇಪ್ ಅಂಟಿಸಿದರೆ ಸಾಕೇ ಎಂದು ಕೇಳಿದ್ದೆ. ಈಚಿನ ಜೋರು ಮಳೆಯಲ್ಲೂ ಒಳಗೆ ಹನಿ ನೀರು ಬರಲಿಲ್ಲವಾದ್ದರಿಂದ ಫಲಿತಾಂಶವನ್ನು ತಿಳಿಸುತ್ತಿದ್ದೇನೆ.

ಕೆಲಸ ಮಾಡಿದ್ದು ಬ್ಯೂಟೈಲ್ ಟೇಪ್, ಅಂದರೆ ಮೆತ್ತನೆಯ ಅಂಟು ರಬ್ಬರಿನ ಪಟ್ಟಿ. ಆದರೂ ಮೊದಲು ಸೋರುವ ಜಾಗವನ್ನು ಹುಡುಕಿ ಎಂದವರಿಗೇ ಹೆಚ್ಚಿನ ಶ್ರೇಯ ಸಲ್ಲಬೇಕು. ಗೆಳೆಯರೊಬ್ಬರು ಟಾರ್ಚ್ ಹಿಡಿದು ಒಳಗೆ ಕುಳಿತರು. ನಾನು ಹೊರಗಿನಿಂದ ಪೈಪಿನ ನೀರನ್ನು ಕೆಳಗಿನಿಂದ ನಿಧಾನವಾಗಿ ಮೇಲಕ್ಕೆ ಬಿಡುತ್ತಾ ಹೋದೆ. ಬಾಗಿಲಿನ ರಬ್ಬರ್‌ನಲ್ಲಾಗಲಿ ಗಾಜಿನ ಅಂಚಿನಲ್ಲಾಗಲಿ ಏನೂ ಕಾಣಲಿಲ್ಲ. ನೀರು ಚಾವಣಿಯ ಜೋಡಣೆಯ ಸಂದಿಯನ್ನು ಮುಟ್ಟಿದ ಸ್ವಲ್ಪ ಹೊತ್ತಿಗೆ, ಮುಂಗಾಜಿನ ಪಕ್ಕದ ಕಂಬದ ಬುಡದಿಂದ ಸಣ್ಣ ಧಾರೆಯೊಂದು ಇಳಿಯತೊಡಗಿತು. ನೆಲದಲ್ಲಿ ನಿಲ್ಲುವ ನೀರು ಕಂಬದ ಟೊಳ್ಳಿನ ಮೂಲಕ ಅಷ್ಟು ಎತ್ತರದಿಂದ ಬರುತ್ತಿತ್ತೆಂಬುದು ನನಗೆ ನಿಜಕ್ಕೂ ಅಚ್ಚರಿ.

ಸಂದಿಯನ್ನು ಮುಚ್ಚಿದ್ದ, ಬಿರುಕುಬಿಟ್ಟ ಹಳೆಯ ಸೀಲರ್ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಸಂದಿ ಪೂರ್ತಿ ಒಣಗಿದ ಮೇಲೆ ಅಲ್ಯೂಮಿನಿಯಂ ಹೊದಿಕೆಯ ಈ ಬ್ಯೂಟೈಲ್ ಟೇಪನ್ನು ಎಳೆಯದೆ ಹಚ್ಚಿ ರೋಲರ್‌ನಿಂದ ಒತ್ತಿದೆ. ಎಳೆದು ಹಚ್ಚಿದರೆ ಅದು ಮತ್ತೆ ಕುಗ್ಗಿ ತುದಿಗಳು ಏಳುತ್ತವೆ. ನೋಡಲು ಅಂದವಾಗಿಲ್ಲ, ಚಾವಣಿಯ ಮೇಲಾದ್ದರಿಂದ ಚಿಂತೆಯಿಲ್ಲ.

ಇದಕ್ಕೂ ಮುಂಚೆ ಹಚ್ಚಿ ನೋಡಿದ್ದ ಡಕ್ಟ್ ಟೇಪ್ ಮೊದಲ ಮಳೆಗೇ ಅಂಚು ಬಿಟ್ಟಿತ್ತು. ವೈಪರ್ ಕೆಳಗಿನ ಡ್ರೈನ್ ತೂತುಗಳಿಂದ ಕೊಳೆತ ಎಲೆ ತೆಗೆದದ್ದು ಒಳ್ಳೆಯದೇ, ಆದರೆ ಅದರಿಂದ ಈ ಸೋರಿಕೆ ನಿಲ್ಲಲಿಲ್ಲ. ವಿನೆಗರ್ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಹೊರಬೀಳುವ ಅಸಿಟಿಕ್ ಆಮ್ಲ ಬರಿಯ ಲೋಹಕ್ಕೆ ತುಕ್ಕು ಹಿಡಿಸಬಹುದಾದ್ದರಿಂದ ಅದನ್ನು ಹಚ್ಚುವ ಸಲಹೆಯನ್ನು ಕೈಬಿಟ್ಟೆ. ಕಾರ್ಪೆಟ್‌ನ ಮೇಲ್ಭಾಗ ಒಣಗಿದ್ದರೂ ಅದರಡಿಯ ಸ್ಪಂಜು ಹಿಂಡುವಷ್ಟು ಒದ್ದೆಯಾಗಿತ್ತು. ಅದನ್ನು ಎತ್ತಿ ಒಣಗಿಸದಿದ್ದರೆ ನೆಲದ ತಗಡೂ ತುಕ್ಕು ಹಿಡಿಯುತ್ತದೆ.