ಪದಚರ್ಚೆ: ಸ್ಮಾಲ್‌ಟಾಕ್‌ನ ‘ನಿಲ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

ಇಲ್ಲಿ ದಾವಣಗೆರೆಯಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳು ಬಿಸಿಎ ಓದುತ್ತಿದ್ದಾಳೆ. ಹೈಸ್ಕೂಲ್ ತನಕ ಕನ್ನಡ ಮೀಡಿಯಂ. ಸ್ಕ್ವೀಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸ್ಮಾಲ್‌ಟಾಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಾ, ಮನೆಯವರ ಮಂಡಕ್ಕಿ ಭಟ್ಟಿಯ ಲೆಕ್ಕ ಇಡೋಕೆ ಪುಟ್ಟ ಪ್ರೋಗ್ರಾಂ ಬರೆದಳು. ಅದರಲ್ಲಿ ‘ಚೀಲ := ಚೀಲ + 20’ (ಈಗಿನ ಚೀಲಗಳ ಲೆಕ್ಕಕ್ಕೆ 20 ಕೂಡಿಸಿಡು) ಅನ್ನುವಂಥ ಸಾಲಿತ್ತು. ಓಡಿಸಿದರೆ ಎರರ್: ‘ಮೆಸೇಜ್‌ನಾಟ್‌ಅಂಡರ್‌ಸ್ಟುಡ್: ಅನ್‌ಡಿಫೈನ್ಡ್‌ಆಬ್ಜೆಕ್ಟ್>>+’.

“ಅಂಕಲ್, ಕೂಡೋ ಚಿಹ್ನೆನೇ ತಪ್ಪಾ?” ಅಂತ ಕೇಳಿದಳು.

ಚಿಹ್ನೆ ಸರಿಯಾಗಿಯೇ ಇತ್ತು. ಸ್ಮಾಲ್‌ಟಾಕ್‌ನಲ್ಲಿ ಕೂಡುವುದೂ ಒಂದು ಮೆಸೇಜೇ. ಎಡಗಡೆ ಇರುವ ವಸ್ತುವಿಗೆ (ಆಬ್ಜೆಕ್ಟ್) ‘+ 20’ ಅಂತ ಹೇಳುತ್ತೇವೆ, ಉತ್ತರ ಕೊಡುವುದು ಅದರ ಕೆಲಸ. ‘ಚೀಲ’ದಲ್ಲಿ ಮೊದಲು ಯಾವ ಸಂಖ್ಯೆಯನ್ನೂ ಇಟ್ಟಿರಲಿಲ್ಲ, ಹಾಗಾಗಿ ಅದರಲ್ಲಿ ನಿಲ್ ಕೂತಿತ್ತು. ನಿಲ್ ಕೂಡ ಒಂದು ವಸ್ತು, ಅನ್‌ಡಿಫೈನ್ಡ್‌ಆಬ್ಜೆಕ್ಟ್ ಅನ್ನುವ ಕ್ಲಾಸಿನದು (ಕ್ಲಾಸ್ ಅಂದರೆ ವಸ್ತುವಿನ ಬಗೆ). ಅದಕ್ಕೆ ಕೂಡೋಕೆ ಬರಲ್ಲ. ಹೊಸ ವಸ್ತು ಮಾಡುವಾಗ ತಾನಾಗಿ ಓಡುವ ‘ಇನಿಷಿಯಲೈಸ್’ ಮೆಥಡ್‌ನಲ್ಲಿ ‘ಚೀಲ := 0’ ಅಂತ ಬರೆದು, ಹೊಸ ವಸ್ತು ಮಾಡಿಕೊಂಡ ಮೇಲೆ ಸರಿಹೋಯಿತು. (ಮೊದಲೇ ಮಾಡಿಟ್ಟ ವಸ್ತುವಿನಲ್ಲಿ ನಿಲ್ ಹಾಗೇ ಉಳಿದಿರುತ್ತದೆ. ಹೊಸಬರು ಜಾಸ್ತಿ ಎಡವುವುದು ಇಲ್ಲೇ.)

ಎರರನ್ನು ನಾನು ಕನ್ನಡದಲ್ಲಿ ‘ನಿಲ್‌ಗೆ + ಗೊತ್ತಿಲ್ಲ’ ಅಂತ ಹೇಳಿದೆ. ಆ ‘ಗೆ’ ಬಹಳ ಕೆಲಸ ಮಾಡಿತು. ಅಲ್ಲಿವರೆಗೆ ಚಿಹ್ನೆಯನ್ನೇ ನೋಡುತ್ತಿದ್ದವಳು, ಯಾರಿಗೆ ಗೊತ್ತಿಲ್ಲ ಅಂತ ಹುಡುಕೋಕೆ ಶುರು ಮಾಡಿದಳು. ಡಿಬಗ್ ಮಾಡುವಾಗ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ತೊಡಕು ಇರುವುದು ‘ನಿಲ್’ನಲ್ಲಿ. ನಮ್ಮ ಅಂಗಡಿಗಳಲ್ಲಿ ‘ಬ್ಯಾಲೆನ್ಸ್ ನಿಲ್’ ಅಂದರೆ ಬಾಕಿ ಸೊನ್ನೆ. “ನಿಲ್ ಅಂದ್ರೆ ಸೊನ್ನೆ ಅಲ್ವಾ? ಅದಕ್ಕೆ 20 ಕೂಡಿದ್ರೆ 20 ಬರಬೇಕಲ್ಲ?” ಅಂದಳು. ನ್ಯಾಯವಾದ ಪ್ರಶ್ನೆ. ‘ಶೂನ್ಯ’ ಅಂದರೂ ಅದೇ ಕಥೆ. ‘ಖಾಲಿ’ ಅಂದರೆ ಖಾಲಿ ಪಟ್ಟಿ ನೆನಪಾಗುತ್ತದೆ. ಅದು ಬೇರೆ: ಖಾಲಿ ಪಟ್ಟಿಗೆ ‘ಸೈಜ್’ ಕೇಳಿದರೆ ಅದು 0 ಅಂತ ಸರಿಯಾಗಿಯೇ ಹೇಳುತ್ತದೆ. ‘ಇಲ್ಲ’ ಅಂದರೆ ‘ಫಾಲ್ಸ್’ (ಹೌದು-ಅಲ್ಲದಲ್ಲಿ ‘ಅಲ್ಲ’) ಜೊತೆ ಕಲಸಿಹೋಗುತ್ತದೆ.

ಸದ್ಯಕ್ಕೆ ‘ಇನ್ನೂ ಏನೂ ಇಟ್ಟಿಲ್ಲ’ ಅಂತ ಹೇಳಿಕೊಡುತ್ತಿದ್ದೇನೆ. ಅರ್ಥವೇನೋ ಆಗುತ್ತದೆ. ಆದರೆ ಅದು ಹೆಸರಲ್ಲ, ಅದಕ್ಕೆ ‘ಗೆ’ ಹಚ್ಚೋಕೆ ಬರಲ್ಲ. ವಿಭಕ್ತಿ ಹತ್ತುವಂಥ, ಸೊನ್ನೆ ಅನ್ನಿಸದ ಒಂದು ಪುಟ್ಟ ಪದ ಬೇಕು. ಲೆಕ್ಕದ ಪುಸ್ತಕದಲ್ಲಿ ಇನ್ನೂ ಏನೂ ಬರೆಯದೆ ಬಿಟ್ಟ ಜಾಗಕ್ಕೆ ನಿಮ್ಮ ಕಡೆ ಏನಂತಾರೆ?