ಗೇಟಿನಲ್ಲಿ ಬೆದರಿ ಒಮ್ಮೆಲೇ ನುಗ್ಗುವ ಹೆಣ್ಣು ಕುದುರೆ: ಸಲಹೆ ಬೇಕು

ಪ್ರಶ್ನೆ (ಜತ್ತ ತಾಲ್ಲೂಕು, ಸಾಂಗ್ಲಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ವಸ್ತಿಯಲ್ಲಿ ಒಂದು ಹೆಣ್ಣು ಕುದುರೆಯಿದೆ. ನಾಂದೇಡ ಜಿಲ್ಲೆಯ ಮಾಳೇಗಾವದ ಖಂಡೋಬಾ ಜಾತ್ರೆಯಲ್ಲಿ ಕೊಂಡದ್ದು; ಅದರ ಹಿಂದಿನ ಇತಿಹಾಸ ನಮಗೆ ತಿಳಿಯದು. ಬಯಲಿನಲ್ಲಿ ಹಗ್ಗ ಸಡಿಲಿದ್ದರೂ ಪಕ್ಕದಲ್ಲೇ ನಡೆಯುವಷ್ಟು ಸಾಧು. ಆದರೆ ಲಾಯದ ಅಂಗಳದಿಂದ ಹೊಲಕ್ಕೆ ಹೋಗುವ ಕಬ್ಬಿಣದ ಗೇಟಿನ ಹತ್ತಿರ ಬಂದೊಡನೆ ತಲೆಯೆತ್ತಿ, ಹೊಳ್ಳೆ ಅರಳಿಸಿ ನಿಂತುಬಿಡುತ್ತದೆ. ಜಗ್ಗಿದರೆ ಹಿಂದಕ್ಕೆ ಸರಿಯುತ್ತದೆ, ಬಳಿಕ ಒಮ್ಮೆಲೇ ಮುಂದಕ್ಕೆ ನುಗ್ಗಿ, ಹಿಡಿದವರನ್ನು ಕಂಬಕ್ಕೆ ಒತ್ತುವಂತೆ ಹಾಯುತ್ತದೆ. ಹಿಂದಿನಿಂದ ಚಾಟಿ ತೋರಿಸಬೇಕೆಂದು ಕೆಲವರು ಹೇಳಿದರೆ, ಕಣ್ಣಿಗೆ ಬಟ್ಟೆ ಕಟ್ಟಬೇಕೆಂದು ಕೆಲವರು ಹೇಳುತ್ತಾರೆ. ಯಾವುದು ಸರಿ?

ಉತ್ತರ (ಅಕ್ಕಲಕೋಟೆ)

ನಮಸ್ಕಾರ. ನನ್ನ ದೃಷ್ಟಿಯಲ್ಲಿ ಎರಡೂ ಬೇಡ. ಚಾಟಿ ತೋರಿಸಿದರೆ ಗೇಟಿನ ಭಯಕ್ಕೆ ಹಿಂದಿನ ಭಯವೂ ಸೇರಿ ನುಗ್ಗುವುದು ಹೆಚ್ಚಾಗುತ್ತದೆ. ಕಣ್ಣು ಕಟ್ಟಿದರೆ ಕಂಬ ಎಲ್ಲಿದೆಯೆಂದು ಕಾಣದೆ ಸೊಂಟ ಬಡಿಸಿಕೊಳ್ಳುತ್ತದೆ, ಆಗ ಅದರ ಭಯವೇ ನಿಜವಾದಂತಾಗುತ್ತದೆ.

ಪರಿಹಾರ ಹೇಳುವ ಮೊದಲು ಕೆಲವು ವಿಷಯ ತಿಳಿಯಬೇಕು. ಪೂರ್ತಿ ತೆರೆದಾಗ ಗೇಟಿನ ಅಗಲ ಎಷ್ಟು? ಸೊಂಟದ ಮೂಳೆ ಹೊರಚಾಚಿರುವ ಕಡೆ ಕೂದಲು ಹೋದ ಗುರುತು, ಗಾಯದ ಕಲೆ ಅಥವಾ ಒಂದು ಬದಿ ತಗ್ಗಿದಂತೆ ಏನಾದರೂ ಇದೆಯೇ? ಬೆದರುವುದು ಗೇಟು ಎಡಕ್ಕಿದ್ದಾಗಲೋ, ಬಲಕ್ಕಿದ್ದಾಗಲೋ, ಎರಡೂ ಕಡೆಯಲ್ಲೋ? ಒಂದೇ ಬದಿಗೆ ಬೆದರುವುದಾದರೆ ಮೊದಲು ಪಶುವೈದ್ಯರಿಗೆ ಕಣ್ಣು ತೋರಿಸಿ. ನಮ್ಮ ಕಡೆ ಸೊಳ್ಳೆಯಿಂದ ಹರಡುವ ಹುಳು ಕುದುರೆಯ ಕಣ್ಣಿನೊಳಗೇ ಓಡಾಡುವುದುಂಟು, ಅದರಿಂದ ಕಣ್ಣು ಮಬ್ಬಾಗುತ್ತದೆ. ಸರಿಯಾಗಿ ಕಾಣದ ಕುದುರೆಗೆ ಎಷ್ಟು ಪಾಠ ಹೇಳಿದರೂ ವ್ಯರ್ಥ.

ಪ್ರಶ್ನೆ ಕೇಳಿದವರು

ಧನ್ಯವಾದ ಕಾಕಾ. ವೈದ್ಯರು ಬಂದು ನೋಡಿದರು. ಕಣ್ಣು ಸ್ವಚ್ಛವಾಗಿದೆ ಎಂದರು. ನೀವು ಹೇಳಿದಂತೆ ಎಡ ಸೊಂಟದ ಮೇಲೆ ಕೂದಲಿಲ್ಲದ ಹಳೆಯ ಕಲೆಯಿದೆ. ಗೇಟಿನ ಹಿಂದೆ ಒಂದು ಕಲ್ಲು ಇರುವುದರಿಂದ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಸುಮಾರು ಮೂರೂವರೆ ಅಡಿ ಮಾತ್ರ ಸಿಗುತ್ತದೆ. ಕೈ ಬಿಟ್ಟರೆ ಅದು ತಾನಾಗಿ ಅರ್ಧಕ್ಕೆ ಮರಳಿ ಬರುತ್ತದೆ. ಮಧ್ಯಾಹ್ನ ಬಿಸಿಲಿನಿಂದ ಬೇವಿನ ನೆರಳಿನೊಳಗೆ ಬರುವಾಗ ಅಂಜಿಕೆ ಇನ್ನೂ ಹೆಚ್ಚು.

ಉತ್ತರ (ಅಕ್ಕಲಕೋಟೆ)

ಹಾಗಾದರೆ ಕುದುರೆಗಿಂತ ಮೊದಲು ಗೇಟಿಗೆ ಚಿಕಿತ್ಸೆಯಾಗಬೇಕು. ಕಲ್ಲನ್ನು ಕೀಳಿಸಿ, ಬಾಗಿಲು ಪೂರ್ತಿ ತೆರೆದು ನಿಲ್ಲುವಂತೆ ಗೋಡೆಗೊಂದು ಕೊಂಡಿ ಹಾಕಿಸಿ, ತಿರುಗಣಿಗೆ ಎಣ್ಣೆ ಬಿಡಿ, ಜೋತಾಡುವ ಸರಪಳಿಗೆ ಗೋಣಿಚೀಲದ ತುಂಡು ಸುತ್ತಿ. ಲಾಯದ ಬಾಗಿಲೇ 4 ಅಡಿಗಿಂತ ಕಿರಿದಿರಬಾರದು. ಮನುಷ್ಯನೂ ಪಕ್ಕದಲ್ಲಿ ನಡೆಯುವ ಗೇಟಿಗೆ ಅದಕ್ಕಿಂತ ಎಷ್ಟು ಹೆಚ್ಚಿದ್ದರೂ ಒಳ್ಳೆಯದೇ. ನೆರಳಿನ ವಿಷಯಕ್ಕೆ ಬಂದರೆ, ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಕುದುರೆಯ ಕಣ್ಣಿಗೆ ನಮ್ಮ ಕಣ್ಣಿಗಿಂತ ಹೆಚ್ಚು ಸಮಯ ಬೇಕು. ಆದ್ದರಿಂದ ನೆರಳಿನ ಅಂಚಿನಲ್ಲಿ ಒಂದಿಷ್ಟು ನಿಲ್ಲಿಸಿ, ತಲೆ ತಗ್ಗಿಸಿ ನೆಲ ಮೂಸಲು ಬಿಡಿ. ಹಣೆಯ ನೇರ ಮುಂದೆ, ಮೂಗಿನ ಕೆಳಗೆ ಇರುವುದು ಅದಕ್ಕೆ ಕಾಣುವುದಿಲ್ಲ. ತಲೆಯಾಡಿಸಿಯೇ ಅದು ದೂರವನ್ನು ಅಳೆಯುತ್ತದೆ. ಹಗ್ಗವನ್ನು ಗಲ್ಲದ ಹತ್ತಿರ ಬಿಗಿಹಿಡಿದರೆ ಆ ಅವಕಾಶವೇ ಇರುವುದಿಲ್ಲ.

ಇನ್ನು ಕಲೆಯ ಬಗ್ಗೆ. ಸೊಂಟ ಕಂಬಕ್ಕೆ ಬಡಿಯುವುದು ಬಹುಪಾಲು ಹಿಡಿದವರ ಅವಸರದಿಂದ. ತಾವು ದಾಟಿದ ತಕ್ಷಣ ಗೇಟು ಮುಚ್ಚಲೆಂದು ಅವರು ತಿರುಗುತ್ತಾರೆ, ಕುದುರೆಯ ಕುತ್ತಿಗೆಯೂ ಅವರೊಡನೆ ತಿರುಗುತ್ತದೆ, ಇನ್ನೂ ಕಂಬ ದಾಟದ ಹಿಂಭಾಗ ಹೊರಕ್ಕೆ ಬೀಸಿ ಬಡಿಯುತ್ತದೆ. ಒಮ್ಮೆ ಬಡಿದರೆ ಸಾಕು, ಕುದುರೆ ಇದನ್ನು ಬಹುಕಾಲ ಮರೆಯುವುದಿಲ್ಲ; ಮುಂದಿನ ಸಲ ಆ ಜಾಗವನ್ನು ಬೇಗ ಮುಗಿಸಿಬಿಡಲು ನುಗ್ಗುತ್ತದೆ. ನಿಮ್ಮ ಕುದುರೆಯ ನುಗ್ಗುವಿಕೆ ಹಟವಲ್ಲ, ಪಾರಾಗುವ ಪ್ರಯತ್ನ.

ಪಾಠವನ್ನು ಗೇಟಿನಿಂದ ದೂರ, ಬಯಲಿನಲ್ಲಿ ಆರಂಭಿಸಿ. ಎರಡು ಖಾಲಿ ಡ್ರಮ್ಮುಗಳನ್ನು 10 ಅಡಿ ಅಂತರದಲ್ಲಿಟ್ಟು ಅವುಗಳ ನಡುವೆ ನಡೆಸಿ. ದಾಟುವುದಕ್ಕಿಂತ ನಡುವೆ ನಿಲ್ಲುವುದೇ ಮುಖ್ಯ: ಡ್ರಮ್ಮುಗಳ ನಡುವೆ ನಿಲ್ಲಿಸಿ, ಒಂದು ಹೆಜ್ಜೆ ಹಿಂದಿಡಿಸಿ, ಮತ್ತೆ ಮುಂದೆ ತನ್ನಿ. ನೀವು ಕೇಳಿದ್ದನ್ನು ಅದು ಮಾಡಲು ಮೊದಲಿಟ್ಟ ಕ್ಷಣವೇ ಹಗ್ಗ ಸಡಿಲಿಸಿ. ಕುದುರೆಗೆ ಇದೇ ಶಾಭಾಸ್. ತುಟಿ ಸಡಿಲಾಗಿ ಬಾಯಿ ನೆಕ್ಕುವುದು, ತಲೆ ತಗ್ಗುವುದು ಕಂಡ ಮೇಲಷ್ಟೇ ಅಂತರವನ್ನು ಸ್ವಲ್ಪ ಕಿರಿದುಮಾಡಿ. ನಿಮ್ಮ ಗೇಟಿನಷ್ಟು ಅಗಲಕ್ಕೆ ಬರುವವರೆಗೆ ಗೇಟಿನ ಕಡೆಗೆ ಹೋಗಲೇಬೇಡಿ. ಹೊಲಕ್ಕೆ ಹೋಗಲೇಬೇಕಾದರೆ ಅಷ್ಟು ದಿನ ಬೇಲಿಯ ಬೇರೆ ಕಡೆ ಅಗಲವಾದ ದಾರಿ ಮಾಡಿಕೊಳ್ಳಿ.

ನೀವು ನಿಲ್ಲುವ ಜಾಗ ಕುತ್ತಿಗೆ ಮತ್ತು ಭುಜದ ನಡುವೆ, ಒಂದು ತೋಳಿನ ದೂರದಲ್ಲಿ. ನೇರ ಮುಂದೆ ನಿಂತರೆ ನುಗ್ಗಿದಾಗ ನಿಮ್ಮ ಮೇಲೇ ಬರುತ್ತದೆ. ಹಗ್ಗವನ್ನು ಮಡಿಸಿ ಹಿಡಿಯಬೇಕು, ಎಂದಿಗೂ ಅಂಗೈಗೆ ಸುತ್ತಿಕೊಳ್ಳಬಾರದು. ದಾಟಿದ ಮೇಲೆ ನೇರವಾಗಿ ಇನ್ನೂ ಒಂದು ಕುದುರೆಯಷ್ಟು ಉದ್ದ ನಡೆಯಿರಿ, ಬಳಿಕ ಗೇಟಿನತ್ತ ಮುಖ ಮಾಡಿ ತಿರುಗಿಸಿ ನಿಲ್ಲಿಸಿ, ಆಮೇಲೆ ಬಾಗಿಲು ಹಾಕಿ.

ಉತ್ತರ (ತಾಳವಾಡಿ, ಈರೋಡು ಜಿಲ್ಲೆ)

ಮೇಲಿನ ಸಲಹೆಗೆ ಒಂದು ಮಾತು ಸೇರಿಸುತ್ತೇನೆ. ಅಂತಿಯೂರಿನ ಆಡಿ ಜಾತ್ರೆಯಿಂದ ಕುದುರೆ ತಂದವರಲ್ಲಿಯೂ ಇದೇ ದೂರು ಕೇಳಿಬರುತ್ತದೆ. ಅವರಲ್ಲಿ ಹಲವರು ಗೇಟಿನಾಚೆ ಹುರುಳಿಯ ತೊಟ್ಟಿ ಇಟ್ಟು ಆಸೆ ತೋರಿಸುತ್ತಾರೆ. ಹಾಗೆ ಮಾಡಿದರೆ ಕುದುರೆ ದಾಟುವುದೇನೋ ಹೌದು, ಆದರೆ ತೊಟ್ಟಿಯತ್ತ ಓಡುತ್ತಲೇ ದಾಟುತ್ತದೆ. ಮೇವು ಕೊಡಬೇಕೆಂದಿದ್ದರೆ ಗೇಟಿನ ನಡುವೆ, ಅದು ಶಾಂತವಾಗಿ ನಿಂತಾಗ ಗಜ್ಜರಿಯ ತುಂಡೊಂದನ್ನು ಕೊಡುವುದು ಮೇಲು. ಕೈ ಕಚ್ಚುವ ಅಭ್ಯಾಸ ಅದಕ್ಕಿದ್ದರೆ ಅದೂ ಬೇಡ.

ಪ್ರಶ್ನೆ ಕೇಳಿದವರು

ಗೇಟು ರಿಪೇರಿಯಾಯಿತು, ಡ್ರಮ್ಮುಗಳ ನಡುವೆಯೂ ನಿಲ್ಲುತ್ತಿದೆ. ಈಗ ಬರೀ ಹಾಲ್ಟರು (ಹಗ್ಗ ಕಟ್ಟುವ ತಲೆಪಟ್ಟಿ) ಹಾಕಿದ್ದಾಗ ಗೇಟನ್ನು ಸಮಾಧಾನವಾಗಿ ದಾಟುತ್ತದೆ. ಜೀನು ಹಾಕಿದಾಗ ಮಾತ್ರ ಮತ್ತೆ ತಲೆಯೆತ್ತುತ್ತದೆ. ಜೀನಿಗೂ ಗೇಟಿಗೂ ಸಂಬಂಧವಿದೆಯೇ?

ಉತ್ತರ (ಅಕ್ಕಲಕೋಟೆ)

ಇದೆ. ಜೋತಾಡುವ ರಿಕಾಪು (ಸವಾರ ಕಾಲಿಡುವ ಬಳೆ) ಕಂಬಕ್ಕೋ ಅಗುಳಿಗೋ ಸಿಕ್ಕಿದರೆ ಕುದುರೆಯ ಪಾಲಿಗೆ ಸೊಂಟ ಬಡಿದಷ್ಟೇ ಕೆಟ್ಟದ್ದು, ಕೆಲವೊಮ್ಮೆ ಜೀನೇ ಕಿತ್ತು ಬರುತ್ತದೆ. ನಡೆಸಿಕೊಂಡು ಹೋಗುವಾಗ ರಿಕಾಪುಗಳನ್ನು ಪಟ್ಟಿಯ ಮೇಲೆ ಏರಿಸಿ ಕಟ್ಟಿ, ಲಗಾಮು ಕುತ್ತಿಗೆಯಿಂದ ಜಾರಿ ಅಗುಳಿಗೆ ತೊಡರದಂತೆ ಕೈಯಲ್ಲೇ ಹಿಡಿಯಿರಿ. ಜೀನಿನೊಡನೆ ಡ್ರಮ್ಮುಗಳ ಪಾಠವನ್ನು ಮತ್ತೆ ಅಗಲವಾದ ಅಂತರದಿಂದಲೇ ಆರಂಭಿಸಿ, ಏಕೆಂದರೆ ಜೀನು ಹೊತ್ತಾಗ ತನ್ನ ಅಗಲ ಎಷ್ಟಾಗಿದೆಯೆಂಬುದನ್ನು ಅದು ಹೊಸದಾಗಿ ಕಲಿಯಬೇಕು. ಮೇಲೆ ಕುಳಿತು ಗೇಟು ದಾಟಿಸುವುದನ್ನು ಅಲ್ಲಿಯವರೆಗೆ ಮುಂದೂಡಿ.